ಹನ್ನೊಂದು ಲೋಟ

ದಕ್ಷಿಣ ಆಫ್ರಿಕಾದ ಕೇಪಿನಲ್ಲಿ ಜುಲೈ ಎಂದರೆ ಚಳಿಗಾಲ. ಹೊರಗೆ ದ್ರಾಕ್ಷಿ ತೋಟದ ಮೇಲೆ ಮಂಜು ಇನ್ನೂ ಹರಿದಿರಲಿಲ್ಲ. ಲೆನಾ ಒಲೆಯ ಮುಂದೆ ಕೂತು ಒಣಗಿದ ಬಳ್ಳಿಯ ಬೊಡ್ಡೆಗಳನ್ನು ಬೆಂಕಿಗೆ ತಳ್ಳುತ್ತಿದ್ದಳು, ಕಿವಿ ಮಾತ್ರ ಒಳಕೋಣೆಯ ಕಡೆಗಿತ್ತು. ಬಾಟಲಿಯ ಬಿರಡೆ ಕಿತ್ತ ಸದ್ದಾಯಿತು. ಆಮೇಲೆ ಲೋಟಕ್ಕೆ ಸುರಿದ ಸದ್ದು. ಇನ್ನು ಅತ್ತೆ ಬರುತ್ತಾಳೆ.

ಲೆನಾಗೆ ಎರಡು ತಿಂಗಳು. ತಿಂದದ್ದು ಒಂದೂ ನಿಲ್ಲುತ್ತಿರಲಿಲ್ಲ. ಬ್ರೆಡ್ಡು ನಿಲ್ಲದ ಹೊಟ್ಟೆಯಲ್ಲಿ ಸಿಹಿ ವೈನು ನಿಲ್ಲುತ್ತದೆ, ರಕ್ತವಾಗುತ್ತದೆ ಎಂದು ಆ ತೋಟದ ಹೆಂಗಸರ ನಂಬಿಕೆ. ಅತ್ತೆ ಕಟ್ರೀನಾಗೆ ಅವಳ ಅಮ್ಮ ಕೊಟ್ಟಿದ್ದಳು. ಈಗ ಕಟ್ರೀನಾ ತಾನು ಬಾಯಿಗೆ ಹಾಕದೆ ಎತ್ತಿಟ್ಟ ಬಾಟಲಿಯಿಂದ ಸೊಸೆಗೆ ದಿನವೂ ಬೆಳಗ್ಗೆ ಒಂದು ತಗಡಿನ ಲೋಟ ಕೊಡುತ್ತಿದ್ದಳು. ಹನ್ನೊಂದು ದಿನ ಲೆನಾ ಅದನ್ನು ಕುಡಿದಳು. ಹನ್ನೆರಡನೆಯ ದಿನ ಕ್ಲಿನಿಕ್ಕಿಗೆ ಹೋದಳು.

"ಮಗುವಿನ ಮಿದುಳಿಗೆ ಅಡಿಪಾಯ ಬೀಳೋದೇ ಈ ಮೊದಲ ತಿಂಗಳುಗಳಲ್ಲಿ," ಎಂದಿದ್ದಳು ಅಲ್ಲಿನ ಸಿಸ್ಟರ್. "ನೀನು ಕುಡಿದಿದ್ದು ನೇರ ಅದಕ್ಕೆ ಹೋಗುತ್ತೆ. ನಿನಗೆ ಅಮಲು ಇಳಿದುಹೋಗುತ್ತೆ, ಅದಕ್ಕೆ ಇಳಿಸಿಕೊಳ್ಳೋ ಶಕ್ತಿ ಎಲ್ಲಿದೆ? ಇನ್ಮೇಲೆ ಒಂದು ಹನಿಯೂ ಬೇಡ."

ಹಾಗೆ ಹೇಳಿ ಒಂದು ಕಾಗದ ಕೊಟ್ಟಳು. ಅದರಲ್ಲಿ ಒಂದು ಹುಡುಗಿಯ ಮುಖದ ಚಿತ್ರವಿತ್ತು. ಸಣ್ಣ ಕಣ್ಣು, ದಾರದಂಥ ಮೇಲ್ದುಟಿ, ಮೂಗಿನ ಕೆಳಗೆ ಇರಬೇಕಾದ ತಗ್ಗು ಇಲ್ಲ. ನೋಡಿದೊಡನೆ ಲೆನಾ ಗುರುತು ಹಿಡಿದಳು. ಅದು ನಾದಿನಿ ಡೋರಾಳ ಮುಖ.

ಡೋರಾಗೆ ಇಪ್ಪತ್ತೆರಡು ವರ್ಷ, ಮೈಕಟ್ಟು ಹನ್ನೆರಡರದು. ಉಪ್ಪು ತರಲು ಕಳಿಸಿದರೆ ಬೇಲಿ ದಾಟುವಷ್ಟರಲ್ಲಿ ಮರೆಯುತ್ತಾಳೆ. ಗಡಿಯಾರ ನೋಡಲು ನೂರು ಸಲ ಕಲಿಸಿದ್ದಾರೆ, ಬಂದಿಲ್ಲ. ಇದಕ್ಕೆ ಕಾರಣ ಮನೆಗೆಲ್ಲ ಗೊತ್ತಿತ್ತು: ಎಂಟು ತಿಂಗಳ ಬಸುರಿ ಕಟ್ರೀನಾ ಟ್ರ್ಯಾಕ್ಟರಿನ ಹಿಂದಿನ ಗಾಡಿಯಲ್ಲಿದ್ದಾಗ ಟ್ರ್ಯಾಕ್ಟರ್ ಓಡಿಸುವ ಆಡೋನ್ಸ್ ದಾರಿಯ ಹೊಂಡದ ಹತ್ತಿರ ಥಟ್ಟನೆ ಬ್ರೇಕ್ ಒತ್ತಿದ, ಅವಳು ಕೆಳಗೆ ಬಿದ್ದಳು. ಅವತ್ತಿನಿಂದ ಕಟ್ರೀನಾ ಅವನೊಡನೆ ಮಾತಾಡಿಲ್ಲ. ದಿನವೂ ಅವನದೇ ಗಾಡಿಯಲ್ಲಿ ತೋಟಕ್ಕೆ ಹೋಗಬೇಕು. ಆದರೂ ಅವನಿಗೆ ಬೆನ್ನು ತಿರುಗಿಸಿ ಕಟ್ಟಕಡೆಯಲ್ಲಿ ಕೂರುತ್ತಾಳೆ.

ಆ ಕಾಲದಲ್ಲಿ ಧಣಿಗಳು ಕೂಲಿಯ ಜೊತೆ ವೈನನ್ನೂ ಅಳೆದುಕೊಡುತ್ತಿದ್ದರು, ಬಳ್ಳಿಯ ಸಾಲಿನಲ್ಲೇ, ದಿನಕ್ಕೆ ಐದು ಸಲ. ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಲೋಟ ಬೇಡವೆಂದರೆ ಅತ್ತೆ ಯಾಕೆ ಎನ್ನುತ್ತಾಳೆ. ಯಾಕೆಂದು ಹೇಳಿದರೆ ಡೋರಾಳ ಹೆಸರು ಬರುತ್ತದೆ. ನುಂಗಲಾಗದ ಉಗುಳಲಾಗದ ಬಿಸಿತುಪ್ಪ. ನಾಲ್ಕು ದಿನದಿಂದ ಲೆನಾ ಲೋಟವನ್ನು ಒಲೆಯ ಪಕ್ಕದ ಬೂದಿ ಬಕೆಟ್ಟಿಗೆ ಸುರಿಯುತ್ತಿದ್ದಳು.

ಕಟ್ರೀನಾ ಬಂದು ಲೋಟ ಚಾಚಿದಳು. ಇವತ್ತು ಕೊಟ್ಟು ಹೋಗಲಿಲ್ಲ, ನಿಂತಳು.

"ಕುಡಿ ಮಗಾ. ಮುಖ ನೋಡು, ತೊಳೆದ ಬಟ್ಟೆ ಹಾಗಿದೆ."

"ಆಮೇಲೆ ಕುಡೀತೀನಿ ಮಾ. ಇನ್ನೂ ಹಲ್ಲುಜ್ಜಿಲ್ಲ."

"ವೈನಿಗೆ ಹಲ್ಲು ಯಾಕೆ? ಅಗಿದು ಕುಡೀತೀಯಾ?"

ಬಾಗಿಲ ಹತ್ತಿರ ಬೂಟಿನ ದಾರದೊಡನೆ ಒದ್ದಾಡುತ್ತಿದ್ದ ಡೋರಾ ತಲೆ ಎತ್ತಿದಳು. "ಲೆನಾ ಕುಡಿಯಲ್ಲ ಮಾ. ಬೂದಿಗೆ ಕುಡಿಸ್ತಾಳೆ. ದಿನಾ."

ಡೋರಾಗೆ ಗುಟ್ಟು ಎಂದರೇನೆಂದು ತಿಳಿಯದು. ಕಟ್ರೀನಾ ಬಗ್ಗಿ, ಬೂದಿಗೆ ಬೆರಳಿಟ್ಟು ಮೂಸಿದಳು.

"ನನ್ನ ಬಾಯಿಂದ ಉಳಿಸಿದ್ದು ಇದು," ಎಂದಳು ಮೆಲ್ಲಗೆ. "ಯಾರು ಹೇಳಿಕೊಟ್ಟರು?"

"ಸಿಸ್ಟರ್ ಬೇಡ ಅಂದ್ರು."

"ಅವಳು ಎಷ್ಟು ಹೆತ್ತಿದಾಳೆ? ನಾನು ಐದು. ಐದಕ್ಕೂ ಕುಡಿದೆ. ಇವಳು ಹೊಟ್ಟೇಲಿದ್ದಾಗಂತೂ ಬೇರೇನೂ ಇಳೀತಿರಲಿಲ್ಲ. ಸತ್ತಳಾ? ಕಣ್ಣೆದುರಿಗೇ ಇದಾಳೆ."

ಲೆನಾ ಡೋರಾಳತ್ತ ನೋಡದಿರಲು ನೆಲ ನೋಡಿದಳು. ದೂರದಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿತು.

"ಕುಡಿಯೋವರೆಗೂ ನಾನು ಈ ಮನೆಯಿಂದ ಹೊರಡಲ್ಲ," ಎಂದಳು ಕಟ್ರೀನಾ.

ಲೆನಾ ಲೋಟ ತೆಗೆದುಕೊಂಡಳು. ಇದೊಂದು ಸಲ, ಒಂದೇ ಗುಟುಕು, ಇವತ್ತಿಗೆ ಜಗಳ ತಪ್ಪಲಿ. ತುಟಿಯ ಹತ್ತಿರ ತಂದಳು. ಸಿಹಿ ವಾಸನೆ ಮೂಗಿಗೆ ಬಡಿಯಿತು. ಇನ್ನೊಂದು ಕೈ ತಾನಾಗಿ ಹೊಟ್ಟೆಯ ಮೇಲೆ ಬಂತು.

ಹೊರಡುವ ಹೊತ್ತಾಯಿತೆಂದು ಡೋರಾ ಗೂಟದಿಂದ ಲೆನಾಳ ಕೋಟು ಎಳೆದಳು. ಜೇಬಿನಿಂದ ಮಡಿಸಿದ ಕಾಗದ ಬಿತ್ತು. ಎತ್ತಿ ಬಿಡಿಸಿ ನೋಡಿದವಳ ಮುಖ ಅರಳಿತು.

"ನೋಡು ಮಾ. ಕಾಗದದಲ್ಲಿ ನನ್ನ ಹಾಕಿದಾರೆ."

ಕಟ್ರೀನಾಗೆ ಓದು ಬಾರದು. ಓದುವ ಅಗತ್ಯವೂ ಇರಲಿಲ್ಲ. ಕಾಗದವನ್ನು ಒಲೆಯ ಬೆಳಕಿಗೆ ಹಿಡಿದಳು.

"ಯಾರಿದು?"

"ತಾಯಿ ಕುಡಿದಾಗ ಹೊಟ್ಟೇಲಿದ್ದ ಮಗು, ಮಾ," ಎಂದಳು ಲೆನಾ. " ಎಲ್ಲವೂ ಹೀಗಾಗಲ್ಲ. ಕೆಲವು ಆಗ್ತವೆ."

ಕಟ್ರೀನಾಳ ಬೆರಳು ಚಿತ್ರದ ಮೇಲ್ದುಟಿಯನ್ನು ಮುಟ್ಟಿತು. ಆಮೇಲೆ ಡೋರಾಳದನ್ನು.

"ಕಚಗುಳಿ," ಎಂದು ಡೋರಾ ನಕ್ಕಳು.

"ಆಡೋನ್ಸ್ ಬ್ರೇಕ್ ಹಾಕಿದ್ದ," ಎಂದಳು ಕಟ್ರೀನಾ.

"ಹಾಕಿದ್ದ, ಮಾ."

ಹೊರಗೆ ಹಾರ್ನ್ ಆಯಿತು. ಯಾರೂ ಕದಲಲಿಲ್ಲ. ಕಟ್ರೀನಾ ಬೆರಳು ಮಡಿಸುತ್ತ ಎಣಿಸತೊಡಗಿದಳು. ಎರಡು ಕೈಯೂ ಮುಗಿಯಿತು.

"ನಿನಗೆ ಎಷ್ಟು ಕೊಟ್ಟೆ?"

"ಹನ್ನೊಂದು."

"ಆ ಸಿಸ್ಟರ್ ಏನಂದಳು, ಆ ಹನ್ನೊಂದಕ್ಕೆ?"

"ಗೊತ್ತಾಗಲ್ಲ ಅಂದ್ರು. ಏನೂ ಆಗದೇನೂ ಇರಬಹುದು. ಹುಟ್ಟಿ ಬೆಳೀತಾ ನೋಡಬೇಕು. ಹನ್ನೆರಡನೇದು ಮಾತ್ರ ಬೇಡ ಅಂದ್ರು."

ಕಟ್ರೀನಾ ಸೊಸೆಯ ಕೈಯಿಂದ ಲೋಟ ತೆಗೆದುಕೊಂಡಳು. ತಾನೇ ಕುಡಿದುಬಿಡುತ್ತಾಳೇನೋ ಎಂದು ಲೆನಾಗೆ ಒಂದು ಗಳಿಗೆ ಅನ್ನಿಸಿತು. ಅವಳು ಬಗ್ಗಿ ಬೂದಿಗೆ ಸುರಿದಳು. ಅಡಿಯಲ್ಲಿದ್ದ ಕೆಂಡ ಚುಂಯ್ ಎಂದಿತು. ಬಾಟಲಿಯನ್ನೂ ತಂದು ಸುರಿದಳು. ಡೋರಾಳ ಮುಂದೆ ಕೂತು ಬೂಟಿನ ದಾರ ಕಟ್ಟಿದಳು, ಬಹಳ ಹೊತ್ತು ಕಟ್ಟಿದಳು.

ಮೂವರೂ ಹೊರಗೆ ಬಂದಾಗ ಗಾಡಿಯಲ್ಲಿದ್ದ ಹೆಂಗಸರು ಬಳ್ಳಿ ಸವರುವ ಕತ್ತರಿಗಳನ್ನು ಮಡಿಲಲ್ಲಿಟ್ಟು ಗೊಣಗುತ್ತಿದ್ದರು. "ಕಟ್ರೀನಾ, ಇವತ್ತು ನಿನ್ನ ಸವಾರಿಗೆ ರತ್ನಗಂಬಳಿ ಹಾಸಬೇಕಿತ್ತಾ?"

ಕಟ್ರೀನಾ ಗಾಡಿಯ ಹಿಂದಕ್ಕೆ ಹೋಗಲಿಲ್ಲ. ಮುಂದೆ ನಡೆದು ಟ್ರ್ಯಾಕ್ಟರಿನ ಚಕ್ರದ ಪಕ್ಕ ನಿಂತಳು. ಗೊಣಗಾಟ ನಿಂತಿತು. ಆಡೋನ್ಸ್ ಹಲ್ಲಿಲ್ಲದ ಮುದುಕನಾಗಿದ್ದ. ಅವಳನ್ನು ಕಂಡು ಬೈಸಿಕೊಳ್ಳಲು ಸಿದ್ಧನಾದವನಂತೆ ಟೋಪಿ ತೆಗೆದು ಎದೆಗೆ ಹಿಡಿದ.

"ಆಡೋನ್ಸ್."

"ಹೇಳು, ಕಟ್ರೀನಾ."

ಕಟ್ರೀನಾ ಚಕ್ರದ ಮೇಲೆ ಕೈಯಿಟ್ಟಳು. ಹೇಳಬೇಕಾದದ್ದು ಬರಲಿಲ್ಲ, ಬೇರೆಯದು ಬಂತು.

"ಹೊಂಡದ ಹತ್ರ ನಿಧಾನ ಹೋಗು. ಗಾಡೀಲಿ ಬಸುರಿ ಇದಾಳೆ."

"ಆಗಲಿ," ಎಂದ ಆಡೋನ್ಸ್. ಟೋಪಿಯನ್ನು ಮತ್ತೆ ತಲೆಗಿಟ್ಟುಕೊಂಡು ಸ್ಟೀರಿಂಗ್ ಹಿಡಿದ.

ಕಟ್ರೀನಾ ಹತ್ತಿ, ಡೋರಾಳನ್ನು ಪಕ್ಕಕ್ಕೆಳೆದುಕೊಂಡು, ಮುಂದಕ್ಕೆ ಮುಖ ಮಾಡಿ ಕೂತಳು. ಆ ಹೊಂಡವನ್ನು ಮುಚ್ಚಿ ಎಷ್ಟೋ ವರ್ಷವಾಗಿತ್ತು. ಆದರೂ ಆಡೋನ್ಸ್ ಅಲ್ಲಿ ಟ್ರ್ಯಾಕ್ಟರನ್ನು ನಡಿಗೆಯ ವೇಗಕ್ಕೆ ಇಳಿಸಿದ.