ಮುಚ್ಚಿದ್ದು, ತುಂಬಿದ್ದಲ್ಲ

ಹಿತ್ತಲಲ್ಲಿ ಬಟ್ಟೆ ಒಣಹಾಕುವ ಕಂಬ ವಾಲಿದಾಗ ನಾನು ಬೈದದ್ದು ನಮ್ಮ ಯಜಮಾನರನ್ನೇ. ಈ ಮನೆಯಲ್ಲಿ ಏನು ವಾಲಿದರೂ ಏನು ಸೋರಿದರೂ ಬೈಸಿಕೊಳ್ಳಲು ಉಳಿದಿರುವುದು ಅವರೊಬ್ಬರೇ. ಅವರು ಕನ್ನಡಕ ಏರಿಸಿ ನೋಡಿದರು.

"ಅಲ್ಲೇ ಅಲ್ವೇನೇ ಹಳೇ ಸೆಪ್ಟಿಕ್ ಟ್ಯಾಂಕ್ ಇದ್ದಿದ್ದು?"

"ಬೀದಿಗೆ ಒಳಚರಂಡಿ ಬಂದ ವರ್ಷವೇ ಮುಚ್ಚಿಸಿದೆ ಅಂದಿದ್ರಲ್ಲ ನೀವು."

"ಮುಚ್ಚಿಸಿದೆ ಕಣೇ."

ಮೇಸ್ತ್ರಿ ಬಂದು ಮಣ್ಣು ಕೆರೆದ. ಒಂದು ಮೊಳ ಇಳಿಯುವಷ್ಟರಲ್ಲಿ ಹಾರೆ ಚಪ್ಪಡಿಗೆ ತಾಗಿತು. ಹಾರೆಯ ತುದಿಯಿಂದ ಎರಡು ಸಲ ಕುಟ್ಟಿ, ಕಿವಿಗೊಟ್ಟು ಕೇಳಿ, ನಮ್ಮಿಬ್ಬರ ಮುಖ ನೋಡಿದ.

"ಒಳಗೆಲ್ಲ ಟೊಳ್ಳು ಅಮ್ಮಾ. ಯಾವ ಪುಣ್ಯಾತ್ಮ ಮಾಡಿದ ಕೆಲಸ ಇದು? ಮುಚ್ಚೋದು ಬೇರೆ, ತುಂಬೋದು ಬೇರೆ. ಮೇಲೊಂದು ಚಪ್ಪಡಿ ಎಳೆದು ಮಣ್ಣು ಹರಡಿಬಿಟ್ರೆ ಆಯ್ತಾ? ಇದರ ಮೇಲೆ ನಿಂತು ಇಷ್ಟು ವರ್ಷ ಬಟ್ಟೆ ಒಣಹಾಕಿದೀರಲ್ಲ, ನಿಮ್ಮ ಆಯಸ್ಸು ಗಟ್ಟಿ."

ಯಜಮಾನರು ಆಕಾಶ ನೋಡುತ್ತ ನಿಂತರು.

ಮೇಸ್ತ್ರಿ ಚಪ್ಪಡಿ ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗುವ ತನಕ ಯಾರೂ ಬಗ್ಗಿ ನೋಡಕೂಡದೆಂದು ಸುತ್ತ ಹಗ್ಗ ಕಟ್ಟಿ ಹೋದ. ಮೂರನೆಯ ದಿನ ಬಂದು, ಮೇಲೆ ನಿಂತುಕೊಂಡೇ ಉದ್ದ ಹಿಡಿಯ ಸಲಿಕೆಯಿಂದ, ತಳದಲ್ಲಿ ಒಣಗಿ ಹೆಂಟೆಗಟ್ಟಿದ್ದನ್ನು ಎತ್ತತೊಡಗಿದ. ಅದನ್ನು ತೆಗೆದು, ತಳ ಒಡೆದು, ಆಮೇಲೆ ಕಲ್ಲು ಮರಳು ತುಂಬುವುದು ಅವನ ಲೆಕ್ಕಾಚಾರ. ಪಾಯಿಖಾನೆಯ ಪೈಪು ಬಂದು ಸೇರುವ ಜಾಗದ ಕೆಳಗಿಂದ ಎತ್ತಿದ ಹೆಂಟೆಯೊಂದನ್ನು ಸಲಿಕೆಯಿಂದ ತಟ್ಟಿ ಒಡೆದವನು ಕೈ ನಿಲ್ಲಿಸಿದ.

"ಯಾರದೋ ಹಲ್ಲು ಅಮ್ಮಾ. ಕಟ್ಟಿಸಿದ ಹಲ್ಲು, ಮೇಲಿನ ಸಾಲು ಪೂರ್ತಿ."

ಯಾರದೋ ಎಲ್ಲಿ ಬಂತು, ನಮ್ಮ ಮಾವನದು.

ಮಾವ ಕೋರ್ಟಿನಲ್ಲಿ ಹೆಸರು ಕೂಗುವ ಕೆಲಸದಲ್ಲಿದ್ದವರು. ಬಾಗಿಲಲ್ಲಿ ನಿಂತು ಮೂರು ಸಲ ಕೂಗಿದರೆ ರಸ್ತೆಯಾಚೆ ಇದ್ದ ಕಕ್ಷಿದಾರ ಚಪ್ಪಲಿ ಬಿಟ್ಟು ಓಡಿಬರುತ್ತಿದ್ದನಂತೆ. ನಿವೃತ್ತರಾದ ಮೇಲೆ ಅದೇ ಗಂಟಲಲ್ಲಿ ನನ್ನನ್ನು ಕೂಗಿ ಬಿಸಿನೀರು ಕೇಳುತ್ತಿದ್ದರು. ನನಗೂ ಅವರಿಗೂ ಎಣ್ಣೆ ಸೀಗೆಕಾಯಿ. ಮಲಗುವ ಮುಂಚೆ ಹಲ್ಲು ತೆಗೆದು ಕೈಗೆ ಸಿಕ್ಕ ಲೋಟದಲ್ಲಿ ಹಾಕುವ ಚಾಳಿ ಬೇರೆ. ಅದಕ್ಕೆಂದೇ ಒಂದು ಡಬ್ಬಿ ತಂದುಕೊಟ್ಟಿದ್ದೆ.

ಒಂದು ಬೆಳಿಗ್ಗೆ ಹಲ್ಲು ಕಾಣಲಿಲ್ಲ. ಲೋಟದಲ್ಲಿಟ್ಟಿದ್ದೆ ಎಂದರು ಅವರು. ಲೋಟದಲ್ಲಿ ಬರೀ ನೀರಿತ್ತು, ಚೆಲ್ಲಿ ತೊಳೆದಿಟ್ಟೆ ಎಂದೆ ನಾನು. ಮನೆಯೆಲ್ಲ ಹುಡುಕಿದ್ದಾಯಿತು. ಬೇಕೆಂದೇ ಎಸೆದಿದ್ದಾಳೆ ಎಂದು ಅವರು, ಎಲ್ಲೋ ಇಟ್ಟು ಮರೆತಿದ್ದಾರೆ ಎಂದು ನಾನು. ಹೊಸದು ಮಾಡಿಸಿಕೊಡುತ್ತೇನೆಂದು ಯಜಮಾನರು ಗೋಗರೆದರೂ ಕೇಳಲಿಲ್ಲ. ಮೊದಲು ಅವಳು ಒಪ್ಪಿಕೊಳ್ಳಲಿ ಎಂದು ಪಟ್ಟು ಹಿಡಿದರು. ಮೇಲಿನ ಹಲ್ಲಿಲ್ಲದೆ ಅವರ ಮಾತಿನಲ್ಲಿ ಬರೀ ಗಾಳಿ ಬರುತ್ತಿತ್ತು. ಜಗಲಿಯಲ್ಲಿ ಕೂತು ಹೋಗುವವರನ್ನು ಬರುವವರನ್ನು ಮಾತನಾಡಿಸುವುದು ಬಿಟ್ಟರು. ಬ್ರೆಡ್ಡನ್ನು ಹಾಲಿನಲ್ಲಿ ನೆನೆಸಿಕೊಂಡು, ಗೋಡೆ ಕಡೆ ತಿರುಗಿ ತಿನ್ನುತ್ತಿದ್ದರು.

ಮಾವನಿಗೆ ಅರುಳುಮರುಳು ಎಂದು ಮೊದಲು ಹೇಳಿದವಳು ನಾನೇ. ನಾನು ಹೇಳಿ ಹೇಳಿ ಯಜಮಾನರು ನಂಬಿದರು, ಬೀದಿಯೂ ನಂಬಿತು. ಕೊನೆಗೊಂದು ದಿನ ಮನೆಯಲ್ಲಿ ಅವರಿರಬೇಕು ಇಲ್ಲ ನಾನಿರಬೇಕು ಎಂದುಬಿಟ್ಟೆ. ನಾದಿನಿ ಬಂದು ಅಪ್ಪನನ್ನು ಕರೆದುಕೊಂಡು ಹೊರಟಳು. ಆಟೋ ಹತ್ತಿದವರು ನನ್ನನ್ನು ಹತ್ತಿರ ಕರೆದರು. ಅಷ್ಟರಲ್ಲಿ ಎರಡು ಸಲ ಕೇಳಿಯಾಗಿತ್ತು, ಅದು ಮೂರನೆಯದು.

"ಗೊತ್ತಿಲ್ದೆ ಚೆಲ್ಲಿರ್ಬಹುದು ಮಾವ ಅಂತ ಒಂದು ಮಾತು ಅನ್ನಮ್ಮ. ಇಳಿದು ಒಳಗೆ ಬರ್ತೀನಿ."

"ಮಾಡದೇ ಇದ್ದದ್ದನ್ನ ಮಾಡಿದೆ ಅನ್ನೋಕೆ ನಂಗೇನು ಹುಚ್ಚೇ?" ಎಂದೆ ನಾನು.

ಎಂಟು ತಿಂಗಳಿಗೆ ಅಲ್ಲೇ ಹೋಗಿಬಿಟ್ಟರು. ಆಮೇಲೆ ಇಪ್ಪತ್ತು ವರ್ಷ ನಾದಿನಿ ನಮ್ಮ ಹೊಸಿಲು ತುಳಿದಿಲ್ಲ.

ಈಗ ಯಜಮಾನರು ಆ ಹಲ್ಲನ್ನು ನೋಡುತ್ತ ನಿಂತಿದ್ದರು. ಅವರ ಮುಖದಲ್ಲಿ ಎಷ್ಟೋ ವರ್ಷದ ಮೇಲೆ ಒಂದು ಹಗುರ ಕಂಡಿತು.

"ನೋಡಿದ್ಯೇನೇ? ಪಾಯಿಖಾನೆಗೆ ಹೋದಾಗ ಅಪ್ಪನೇ ಬೀಳಿಸಿಕೊಂಡಿದ್ದಾರೆ. ಪಾಪ, ನೆನಪಿರ್ಲಿಲ್ಲ ಅವರಿಗೆ. ನಿನ್ನ ತಲೆ ಮೇಲಿನ ಅಪವಾದ ಕಳೀತು ಬಿಡು. ತಂಗಿಗೆ ಇವತ್ತೇ ಫೋನ್ ಮಾಡಿ ಹೇಳ್ತೀನಿ."

ಮೇಸ್ತ್ರಿ ಹಲ್ಲನ್ನು ನಲ್ಲಿಯ ಕೆಳಗೆ ತೊಳೆದು, ಪಕ್ಕದಲ್ಲಿದ್ದ ಬೆಕ್ಕಿನ ಪಿಂಗಾಣಿ ಬಟ್ಟಲಿಗೆ ಹಾಕಿದ. ಟಣ್ ಎಂದಿತು.

ಆ ಸದ್ದನ್ನು ನಾನು ಮುಂಚೆ ಕೇಳಿದ್ದೆ.

ಅವತ್ತು ಕರೆಂಟಿರಲಿಲ್ಲ. ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಕುಡಿಯುವ ಲೋಟವನ್ನು ಮತ್ತೆ ಹಾಸಿಗೆ ಪಕ್ಕ ಇಟ್ಟುಕೊಂಡಿದ್ದಾರಲ್ಲ ಎಂದು ಮೈಯೆಲ್ಲ ಉರಿದು, ಅದನ್ನು ಕಿತ್ತುಕೊಂಡು ಹೋಗಿ, ಈ ಎಂಜಲು ನೀರನ್ನು ಅಡುಗೆಮನೆ ಸಿಂಕಿಗೆ ಸುರಿಯಲೇ ಎಂದು ಗೊಣಗುತ್ತ ಪಾಯಿಖಾನೆಗೆ ಸುರಿದು ಫ್ಲಶ್ ಎಳೆದಿದ್ದೆ. ಸುರಿಯುವಾಗ ಟಣ್ ಎಂದಿತ್ತು. ಬಳೆ ತಾಗಿತು ಎಂದುಕೊಂಡೆ. ಬಳೆ ಒಡೆಯಿತೇ ಎಂದು ತಡವಿ ನೋಡಿಕೊಂಡದ್ದೂ ನೆನಪಾಯಿತು.

ಸುಮ್ಮನಿದ್ದುಬಿಡಬಹುದಿತ್ತು. ಯಜಮಾನರೇ ತೀರ್ಪು ಕೊಟ್ಟಾಗಿತ್ತು, ನಾದಿನಿ ಇನ್ನಾದರೂ ಮನೆಗೆ ಬರುವ ಹಾಗಿತ್ತು. ನಾನು ಹಗ್ಗದ ಪಕ್ಕ ನೆಲದ ಮೇಲೆ ಕೂತೆ.

"ಅವರಲ್ಲ ರೀ. ನಾನೇ. ಲೋಟದ ನೀರು ಚೆಲ್ಲಿದ್ದು ಪಾಯಿಖಾನೆಗೆ. ನೋಡದೆ ಚೆಲ್ಲಿದೆ."

ಅವರು ಬೈದಿದ್ದರೆ ತಿರುಗಿ ಏನಾದರೂ ಅಂದಿರುತ್ತಿದ್ದೆ, ಜಗಳವಾಡಿ ಬದುಕಿದವಳು ನಾನು. ಬಟ್ಟಲು ಎತ್ತಿಕೊಂಡು, ಒದ್ದೆ ಹಲ್ಲನ್ನು ಪಂಚೆಯ ಅಂಚಿನಿಂದ ಒರೆಸುತ್ತ ಒಳಗೆ ಹೋದರು.

"ಇನ್ನು ತುಂಬಿಬಿಡ್ಲಾ ಅಮ್ಮಾ?" ಎಂದ ಮೇಸ್ತ್ರಿ, ಮೆಲ್ಲಗೆ.

ಒಳಗಿಂದ ಯಜಮಾನರು ಫೋನಿನಲ್ಲಿ ತಂಗಿಯ ಹತ್ತಿರ ಮಾತನಾಡುವುದು ಕೇಳಿಸಿತು.

"ಅಪ್ಪಂಗೆ ಅರುಳುಮರುಳು ಆಗಿರ್ಲಿಲ್ಲ ಕಣೇ. ಬುದ್ಧಿ ಸರಿಯಾಗೇ ಇತ್ತು."

ಅತ್ತ ಕಡೆ ಕೇಳಿಸಲಿಲ್ಲವೋ, ಅವಳು ಅಳುತ್ತಿದ್ದಳೋ, ಅದನ್ನೇ ಮೂರು ಸಲ ಹೇಳಿದರು.