ಪೆಟ್ಟಿಗಿ ಬೀರಲಿಂಗಪ್ಪ

ನೆಲೋಗಿಯ ಬೀರಲಿಂಗಪ್ಪ ಅರವತ್ತನಾಲ್ಕು ವರ್ಷದ ಬಾಳಿನಲ್ಲಿ ಒಂದು ಕಡ್ಡಿಪೆಟ್ಟಿಗೆಯನ್ನೂ ಕದ್ದವನಲ್ಲ. ಆದರೂ ಜೇವರ್ಗಿಯಿಂದ ಯಡ್ರಾಮಿಯ ತನಕ ಅವನು ಕಳ್ಳನೇ. ಹೇಗೆ ಅಂತ ಕೇಳಿದರೆ ನಗು ಬರುತ್ತದೆ. ಎಲ್ಲರೂ ನಕ್ಕರು, ಅದೇ ಅವನ ಕರ್ಮ.

ನಲವತ್ತನಾಲ್ಕು ವರ್ಷದ ಹಿಂದೆ ಜೇವರ್ಗಿಗೆ ಒಂದು ಟೂರಿಂಗ್ ಟಾಕೀಸು ಬಂದಿತ್ತು. ಮಾಲೀಕ ಎಲ್ಲಿಂದಲೋ ಅಗ್ಗಕ್ಕೆ ಒಂದು ಇಂಗ್ಲಿಷ್ ಸಿನೆಮಾದ ಹಳೇ ರೀಲು ತಂದಿದ್ದ. ನಡುಗಡ್ಡೆ, ತೆಂಗಿನಮರ, ಕಡಲುಗಳ್ಳರು, ಮರಳಿನಲ್ಲಿ ಹೂತ ಬಂಗಾರದ ಪೆಟ್ಟಿಗೆ. ಅದರ ಭಾಷೆ ಯಾರಿಗೂ ತಿಳಿಯದು, ಸಮುದ್ರವನ್ನಂತೂ ಯಾರೂ ಕಂಡವರಲ್ಲ. ಅದಕ್ಕೆ ಮಾಲೀಕ ಗೇಟು ಕಾಯುತ್ತಿದ್ದ ರಸೂಲನ ಕೈಗೆ ಮೈಕು ಕೊಟ್ಟು, ಪರದೆಯ ಪಕ್ಕ ನಿಂತು ಕತೆ ಹೇಳು ಅಂದ. ರಸೂಲನಿಗೂ ಇಂಗ್ಲಿಷ್ ಬರುತ್ತಿರಲಿಲ್ಲ, ಮಾತು ಬರುತ್ತಿತ್ತು. "ಇದು ಭೀಮಾ ಹೊಳಿ ಅಲ್ರಿ, ಇದಕ್ಕ ಆಚಿ ದಂಡಿ ಇಲ್ಲ" ಅಂತ ಶುರು ಮಾಡಿದವನು ನಾಯಕನನ್ನು ಗೌಡರ ಮಗ ಮಾಡಿದ, ನಾಯಕಿಯನ್ನು ವಕೀಲರ ಮಗಳು ಮಾಡಿದ. ಜೊತೆಗಾರರಿಗೆಲ್ಲ ಕೈಕೊಟ್ಟು, ಪೆಟ್ಟಿಗೆಯನ್ನು ಹೆಗಲಿಗೇರಿಸಿ, ಎಡಗಾಲು ಕುಂಟುತ್ತ ಓಡಿ, ಕೊನೆಗೆ ಹುದುಲಿನಲ್ಲಿ ಮುಳುಗಿ ಸಾಯುವ ಕಳ್ಳ ಪರದೆಯ ಮೇಲೆ ಬಂದಾಗ ಕೂಗಿದ: "ಬಂದ ನೋಡ್ರಿ, ನಮ್ಮ ನೆಲೋಗಿ ಬೀರಲಿಂಗಪ್ಪ!"

ಟಿಕೆಟ್ಟು ತೆಗೆದು ನೆಲದ ಮೇಲೆ ಕೂತಿದ್ದ ಇಪ್ಪತ್ತರ ಬೀರಲಿಂಗಪ್ಪನೂ ಆ ದಿನ ನಕ್ಕ. ಸಿನೆಮಾ ಐವತ್ತು ದಿನ ಓಡಿತು, ಐವತ್ತು ದಿನವೂ ಅವನು ಹುದುಲಿನಲ್ಲಿ ಮುಳುಗಿದ. ಆಮೇಲೆ ಗುಡಾರ ಕಿತ್ತುಕೊಂಡು ಹೋದರು, ಹೆಸರನ್ನು ಇಲ್ಲೇ ಬಿಟ್ಟುಹೋದರು.

ಮೊದಮೊದಲು ಚೇಷ್ಟೆಯೇ ಇತ್ತು. ಬಸ್ಸು ಹತ್ತಿದರೆ ಕಂಡಕ್ಟರ್, "ಪೆಟ್ಟಿಗಿ ಎಲ್ಲೋ ಬೀರಲಿಂಗಪ್ಪ, ಅದಕ್ಕೂ ಟಿಕೀಟ ತಗಸಬೇಕು" ಅನ್ನುತ್ತಿದ್ದ. ವರ್ಷ ಕಳೆದ ಹಾಗೆ ಸಿನೆಮಾ ನೋಡಿದವರು ಕೆಲವರು ಸತ್ತರು, ಕೆಲವರು ಮರೆತರು. ನಡುಗಡ್ಡೆ ಹೋಯಿತು, ತೆಂಗಿನಮರ ಹೋಯಿತು, ಕಳ್ಳ ಮಾತ್ರ ಉಳಿದ. ಹಾಲಿನ ಸೊಸೈಟಿಯ ಕೀಲಿಕೈ ಅವನ ಸರದಿಗೆ ಬಂದಾಗ ಹಿರಿಯರು, "ನೀ ಛಲೋ ಮನಷ್ಯಾ ಇದ್ದಿ ಖರೆ, ಆದ್ರ ಮಂದಿ ಏನಂತಾರ" ಅಂದು ಬೇರೆಯವರ ಕೈಗೆ ಕೊಟ್ಟರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ಈ ಬಡಪಾಯಿಯ ಮಾನ ಅಡಿಕೆಗೂ ಹೋಗಲಿಲ್ಲ, ಪುಕ್ಕಟೆ ಹೋಯಿತು.

ಒಂದು ಪ್ರಶ್ನೆ ಮಾತ್ರ ಅವನನ್ನು ಬಿಡಲಿಲ್ಲ. ರಸೂಲನಿಗೆ ನಾನೇನು ಮಾಡಿದ್ದೆ? ಯೋಚಿಸಿ ಯೋಚಿಸಿ ಒಂದು ಉತ್ತರ ಹುಡುಕಿಕೊಂಡಿದ್ದ. ಸಿನೆಮಾಕ್ಕೆ ಮೊದಲು ಒಮ್ಮೆ ಸಂತೆಯಲ್ಲಿ ಇವನ ಬಂಡಿಯ ಗಾಲಿ ರಸೂಲನ ಸೈಕಲ್ಲಿಗೆ ತಾಗಿತ್ತು. ಅದೇ ಸಿಟ್ಟು. ತಪ್ಪು ತನ್ನದೇ ಅಂದುಕೊಂಡರೆ ಮನಸ್ಸಿಗೆ ಸ್ವಲ್ಪ ಹಗುರಾಗುತ್ತಿತ್ತು. ಹೋಗಿ ಕೇಳುವ ಧೈರ್ಯ ಆ ಪುಣ್ಯಾತ್ಮನಿಗೆ ಎಂದೂ ಬರಲಿಲ್ಲ.

ಈ ವರ್ಷ ಮೊಮ್ಮಗಳು ಸೀಮಾಳಿಗೆ ಯಡ್ರಾಮಿಯ ಗುರಣ್ಣನ ಮಗ ಕಲ್ಯಾಣಕುಮಾರನ ಸಂಬಂಧ ಬಂತು. ಹುಡುಗ ಹೈಸ್ಕೂಲು ಮಾಸ್ತರ. ಸೀಮಾ ನರ್ಸಿಂಗ್ ಮುಗಿಸಿದವಳು, ಹುಡುಗನನ್ನು ನೋಡಿದ ದಿನದಿಂದ ಒಬ್ಬಳೇ ನಗುತ್ತಿದ್ದಳು. ಗುರಣ್ಣ ರೂಢಿಯಂತೆ ಜೇವರ್ಗಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ವಿಚಾರಿಸಿದ. ಅಂಗಡಿಯವನಿಗೆ ಮೂವತ್ತು ವರ್ಷವೂ ಆಗಿರಲಿಲ್ಲ. "ಯಾರು, ಪೆಟ್ಟಿಗಿ ಬೀರಲಿಂಗಪ್ಪನ? ಬಂಗಾರದ ಪೆಟ್ಟಿಗಿ ಕದ್ದಾನಂತ್ರಿ, ಊರಿಗೇ ಗೊತ್ತದ" ಅಂದುಬಿಟ್ಟ. ಮರುದಿನವೇ ಯಡ್ರಾಮಿಯಿಂದ ಹೇಳಿಕೆ ಬಂತು: ಕಳ್ಳನ ಮನೆತನದ ಹೆಣ್ಣು ನಮಗೆ ಬೇಡ.

ಸೀಮಾ ಊಟ ಬಿಟ್ಟಳು. ಬೀರಲಿಂಗಪ್ಪನ ಹೆಂಡತಿ ನಿಂಬೆವ್ವ ಎಂದೂ ಗಂಡನಿಗೆ ಎದುರಾಡಿದವಳಲ್ಲ. ಅವತ್ತು ಮಾತ್ರ, "ಇನ್ನಾರ ಹೋಗ್ರಿ. ಆ ಮನಷ್ಯಾನ ಕಡಿಂದ ಖರೆ ಮಾತು ಹೇಳಸ್ರಿ" ಅಂದಳು.

ಅವನು ಜೇವರ್ಗಿಗೆ ಹೋದ. ಎಪ್ಪತ್ತು ದಾಟಿದ ರಸೂಲ ಮಗನ ಪಂಕ್ಚರ್ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು, ಯಾರಾದರೂ ಮಾತಿಗೆ ಸಿಕ್ಕಾರೇ ಅಂತ ರಸ್ತೆ ನೋಡುತ್ತಿದ್ದ. ಮನೆಯಲ್ಲಿ ಹೆಂಡತಿ ವಜೀರುನ್ನಿಸಾ ಕೂಡ ಅವನ ಮಾತು ಕೇಳುವುದನ್ನು ಬಿಟ್ಟು ಹತ್ತು ವರ್ಷವಾಗಿತ್ತು. ಬೀರಲಿಂಗಪ್ಪ ಕೈಮುಗಿದು ಎಲ್ಲ ಹೇಳಿದ.

"ಅರೆ, ಇಷ್ಟ ಏನು? ಬರ್ತೇನಿ ನಡಿ. ಇಂವ ಕಳ್ಳ ಅಲ್ಲ, ಅದು ಸಿನೆಮಾ ಅಂತ ಹೇಳ್ತೇನಿ. ನಿನ್ನ ಮೊಮ್ಮಗಳು ನಮ್ಮ ಹುಡುಗಿ ಇದ್ದಂಗ." ರಸೂಲನ ಕಣ್ಣಲ್ಲಿ ನೀರೂ ಬಂತು. ಒಳ್ಳೆಯ ಮನುಷ್ಯನೇ ಅವನು. ಆದರೆ ನಾಲಿಗೆಗೆ ಎಲುಬಿಲ್ಲ.

ಆ ಭಾನುವಾರ ಇಬ್ಬರೂ ಬಸ್ಸಿನಲ್ಲಿ ಯಡ್ರಾಮಿಗೆ ಹೋದರು. ಗುರಣ್ಣನ ಪಡಸಾಲೆಯಲ್ಲಿ ಚಾಪೆ ಹಾಸಿತ್ತು, ಮನೆಮಂದಿಯೆಲ್ಲ ಬಿಗಿದ ಮುಖದಲ್ಲಿ ಕೂತಿದ್ದರು. ರಸೂಲ ನೇರ ಮಾತಿಗೆ ಬಂದ.

"ನೋಡ್ರಿ ಗುರಣ್ಣಾರ, ಈ ಮನಷ್ಯಾ ಒಬ್ಬರ ಕಾಳು ಮುಟ್ಟಿದಾಂವ ಅಲ್ಲ. ಪೆಟ್ಟಿಗಿ ಕದ್ದಾಂವ ಸಿನೆಮಾದಾಗಿನ ಕಳ್ಳ. ಆ ಕಳ್ಳಗ ಇವನ ಹೆಸರು ಇಟ್ಟಾಂವ ನಾನು. ಅಲ್ಲಾನ ಆಣಿ."

ಗುರಣ್ಣನ ಮುಖ ಸಡಿಲಾಯಿತು. ಬೀರಲಿಂಗಪ್ಪನ ಎದೆಯ ಮೇಲಿಂದ ಕಲ್ಲು ಇಳಿಯಿತು. ಎದ್ದು ಹೊರಟುಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಅಷ್ಟರಲ್ಲಿ ಗುರಣ್ಣ ಕೇಳಿದ: "ಅದೆಂಥಾ ಸಿನೆಮಾರಿ ಅದು?"

ರಸೂಲ ಒಮ್ಮೆ ಸುತ್ತ ನೋಡಿದ. ಹನ್ನೆರಡು ಮಂದಿ ಅವನ ಬಾಯಿಯನ್ನೇ ನೋಡುತ್ತಿದ್ದರು. ಅಷ್ಟು ಮಂದಿ ಅವನನ್ನು ನೋಡಿ ಎಷ್ಟು ವರ್ಷವಾಗಿತ್ತೋ. ಎದ್ದು ನಿಂತ, ಗಂಟಲು ಸರಿ ಮಾಡಿಕೊಂಡ, ನೀರಿನ ಲೋಟವನ್ನು ಮೈಕಿನಂತೆ ಹಿಡಿದ.

"ಇದು ಭೀಮಾ ಹೊಳಿ ಅಲ್ರಿ, ಇದಕ್ಕ ಆಚಿ ದಂಡಿ ಇಲ್ಲ!"

ಮುದುಕನ ಧ್ವನಿ ಇಪ್ಪತ್ತೈದರದ್ದಾಯಿತು. ಹಡಗು ಬಂತು, ಬಿರುಗಾಳಿ ಬಂತು. ಕಲ್ಯಾಣಕುಮಾರನ ತಂಗಿ ಮೊಬೈಲು ತೆಗೆದು ವಿಡಿಯೋ ಮಾಡತೊಡಗಿದಳು. ಓಣಿಯ ಹೆಂಗಸರು ಬಾಗಿಲಿಗೆ ಬಂದು ನಿಂತರು. ಆಮೇಲೆ ಕಳ್ಳ ಬಂದ. "ಬಂದ ನೋಡ್ರಿ, ನಮ್ಮ ನೆಲೋಗಿ ಬೀರಲಿಂಗಪ್ಪ! ಹೊಟ್ಟಿಗಿ ಹುಟ್ಟಿದ ಮಕ್ಕಳನ್ನ ಮಾರಿದ್ರೂ ಪೆಟ್ಟಿಗಿ ಬಿಡೂದಿಲ್ಲ!" ರಸೂಲ ಕುಂಟಿದ, ಕಣ್ಣು ಹೊರಳಿಸಿದ, ಹುದುಲಿನಲ್ಲಿ ಕುತ್ತಿಗೆಯ ತನಕ ಇಳಿದು ಗುಳುಗುಳು ಸದ್ದು ಮಾಡಿದ. ಮನೆ ಬಿದ್ದುಹೋಗುವಂತೆ ನಕ್ಕರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಬೀರಲಿಂಗಪ್ಪ ಚಾಪೆಯ ಕಡ್ಡಿ ಕೀಳುತ್ತ ತಲೆ ತಗ್ಗಿಸಿ ಕೂತಿದ್ದ. ಇಷ್ಟು ದಿನ ಯಡ್ರಾಮಿಯ ಈ ಓಣಿಗೆ ಬರೀ ಹೆಸರು ಗೊತ್ತಿತ್ತು. ಈಗ ಮುಖವೂ ಗೊತ್ತಾಯಿತು.

ಗುರಣ್ಣ ಕಣ್ಣೊರೆಸಿಕೊಳ್ಳುತ್ತ, "ಅಲ್ರಿ ರಸೂಲ ಸಾಬ್ರ, ಇಷ್ಟು ದೊಡ್ಡ ತಾಲೂಕಿನ್ಯಾಗ ಇವರ ಹೆಸರೇ ಯಾಕ? ಏನರ ಜಗಳ ಇತ್ತೇನು?" ಅಂದ.

ಬೀರಲಿಂಗಪ್ಪ ತಲೆ ಎತ್ತಿದ. ಬಂಡಿಯ ಗಾಲಿ, ಸೈಕಲ್ಲು, ನಲವತ್ತನಾಲ್ಕು ವರ್ಷ. ರಸೂಲ ಅದನ್ನು ಹೇಳಲಿ, ಹೇಳಿದರೆ ಇಲ್ಲೇ ಅವನ ಕಾಲು ಹಿಡಿದು ತಪ್ಪೊಪ್ಪಿಕೊಳ್ಳುತ್ತೇನೆ ಅಂದುಕೊಂಡ.

"ಜಗಳ ಎಲ್ಲಿದ್ರಿ? ಇವನ ಪರಿಚಯನೂ ಇರ್ಲಿಲ್ಲ. ಕಳ್ಳ ಪರದೆ ಮ್ಯಾಲ ಬರೂ ಹೊತ್ತಿಗೆ ಯಾರೋ ಹಿಂದಿಂದ, 'ನೆಲೋಗಿ ಬೀರಲಿಂಗಪ್ಪ, ಇಲ್ಲಿ ಬಾರೋ' ಅಂತ ಕೂಗಿದ್ರು. ಹೆಸರು ಕಿವಿಗಿ ಬಿತ್ತು. ಮೈಕಿನ್ಯಾಗ ಗಡಗಡ ಅಂತ ಛಲೋ ಕೇಳ್ತದ ಅನ್ನಿಸ್ತು. ಅಷ್ಟ."

ಅಷ್ಟೇ. ಬೀರಲಿಂಗಪ್ಪನಿಗೆ ಅಳು ಬಂತು, ಸಿಟ್ಟೂ ಬಂತು. ಎರಡನ್ನೂ ಉಗುಳಿನ ಜೊತೆ ನುಂಗಿದ. ಅಳುವ ಮನೆಯಿಂದ ಯಾರೂ ಹೆಣ್ಣು ತರುವುದಿಲ್ಲ.

ಗುರಣ್ಣ ಬಂದು ಅವನ ಬೆನ್ನು ಚಪ್ಪರಿಸಿದ. "ಬೀರಲಿಂಗಪ್ಪಾರ, ಸಂಬಂಧ ನಮಗ ಒಪ್ಪಿಗಿ. ಬಂಗಾರ ಬ್ಯಾಡ, ಗಾಡಿ ಬ್ಯಾಡ. ಒಂದ ಮಾತು. ಲಗ್ನದ ದಿನ ರಸೂಲ ಸಾಬ್ರು ಮೈಕಿನ್ಯಾಗ ಇದನ್ನ ಹೇಳಬೇಕು. ನಮ್ಮ ಬೀಗರು ನೆಂಟರೆಲ್ಲಾ ಕೇಳಬೇಕು."

"ಬರೇ ಹೇಳಿದ್ರ ಏನು ಮಜಾ?" ಅಂದ ರಸೂಲ. ಲೋಟ ಇನ್ನೂ ಅವನ ಕೈಯಲ್ಲೇ ಇತ್ತು. "ಖುದ್ದು ಬೀರಲಿಂಗಪ್ಪನೇ ಪೆಟ್ಟಿಗಿ ಹೊತ್ಕೊಂಡು ಮಂದಿ ನಡುವ ಬರ್ಲಿ."

ಹೋ ಅಂದರು. ಯಾರೋ ಒಳಗಿನಿಂದ ಬಟ್ಟೆ ಇಡುವ ತಗಡಿನ ಪೆಟ್ಟಿಗೆಯನ್ನು ಖಾಲಿ ಮಾಡಿ ತಂದರು. ಈಗಲೇ ಒಮ್ಮೆ ನಡೆದು ತೋರಿಸಿರಿ ಅಂದರು. ಬೀರಲಿಂಗಪ್ಪ ರಸೂಲನನ್ನು ನೋಡಿದ. ರಸೂಲ ಹೆಮ್ಮೆಯಿಂದ ತಲೆಯಾಡಿಸಿದ, ಶಿಷ್ಯನನ್ನು ರಂಗಕ್ಕೆ ಬಿಡುವ ಮೇಷ್ಟ್ರ ಹಾಗೆ. ಮನೆಯಲ್ಲಿ ಸೀಮಾ ಫೋನು ಹಿಡಿದು ಕಾಯುತ್ತಿದ್ದಾಳೆ ಅನ್ನುವುದು ಬೀರಲಿಂಗಪ್ಪನಿಗೆ ಗೊತ್ತಿತ್ತು.

ಎದ್ದ. ತಲೆಗೆ ಸುತ್ತಿದ ಪಟಗ ಸರಿ ಮಾಡಿಕೊಂಡು ಪೆಟ್ಟಿಗೆಯನ್ನು ಹೆಗಲಿಗೇರಿಸಿ ಎರಡು ಹೆಜ್ಜೆ ಇಟ್ಟ. ವಿಡಿಯೋ ಮಾಡುತ್ತಿದ್ದ ಹುಡುಗಿ ಮೊಬೈಲಿನ ಹಿಂದಿನಿಂದಲೇ, "ಅಜ್ಜಾರ, ಕುಂಟಬೇಕ್ರಿ" ಅಂದಳು.

ಬೀರಲಿಂಗಪ್ಪ ಎಡಗಾಲು ಎಳೆಯುತ್ತ ಆ ಗೋಡೆಯಿಂದ ಈ ಗೋಡೆಯ ತನಕ ನಡೆದ. ಗುರಣ್ಣನ ಹೆಂಡತಿ ಒಳಗೆ ಹೋಗಿ ಸಂಬಂಧ ಗಟ್ಟಿ ಮಾಡುವ ಸಕ್ಕರೆಯ ತಾಟು ತಂದಳು.