ಔಷಧವಿಲ್ಲದ ತಟ್ಟೆ

ಮರದ ತೊಗಟೆಯಿಂದ ತೆಗೆದ ಔಷಧದ ಅಣುವಿಗೆ ಪರಮಾಣುಗಳ ಹೊಸದೊಂದು ಬಾಲ ಜೋಡಿಸಿದವಳು ಪ್ರಯೋಗಾಲಯದ ಆ ರಸಾಯನಶಾಸ್ತ್ರಜ್ಞೆಯೇ. ಮೂಲ ಅಣು ಕ್ಯಾನ್ಸರ್ ಕೋಶಗಳನ್ನು ಸುಮ್ಮನೆ ಗದರಿಸುತ್ತಿತ್ತು, ಅಷ್ಟೆ. ಬಾಲ ಬಂದ ಮೇಲೆ ಕೋಶ ಬೆಳೆಸುವ ತಟ್ಟೆಯಲ್ಲಿ ಒಂದು ಕೋಶವೂ ಉಳಿಯಲಿಲ್ಲ. ಪ್ರಯೋಗಾಲಯದ ಮುಖ್ಯಸ್ಥರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ವಾರದ ಕೊನೆಗೆ ಬರಲಿದ್ದ ಔಷಧ ಕಂಪನಿಯವರಿಗೆ ತೋರಿಸಲು ಚಿತ್ರಗಳೂ ಸಿದ್ಧವಾದವು.

ಯಾವುದನ್ನೂ ಎರಡು ಸಲ ಸೋಸದೆ ಬಿಡದ ಅವಳಿಗೆ ಅಲ್ಲಿ ‘ಜರಡಿ’ ಎಂದೇ ಹೆಸರು. ಬಾಲ ಜೋಡಿಸಲು ಬಳಸಿದ ಲೋಹವನ್ನು ತೊಳೆದು ತೆಗೆದಿದ್ದರೂ ಅದರ ಕಣವೊಂದೂ ಉಳಿದಿಲ್ಲವೆಂದು ಅವಳ ಮನಸ್ಸು ಒಪ್ಪಲಿಲ್ಲ. ತೊಗಟೆಯ ಅಣುವೊಂದನ್ನು ಬಿಟ್ಟು, ಮಿಕ್ಕೆಲ್ಲವನ್ನೂ ಹಾಕಿ, ಅದೇ ಪಾಕವನ್ನು ಮತ್ತೊಮ್ಮೆ ಮಾಡಿದಳು.

“ಏ ಜರಡಿ, ಗಂಡೇ ಇಲ್ದೆ ದಿಬ್ಬಣ ಹೊರಡಿಸ್ತಿದೀಯಲ್ಲೇ!” ಕೋಶ ಸಾಕುವ ಗೆಳತಿ ನಗುತ್ತಲೇ ಆ ಪಾಕವನ್ನು ತಟ್ಟೆಗೆ ಹನಿಸಿದಳು.

ಕಂಪನಿಯವರು ಬರುವ ದಿನ ಬೆಳಿಗ್ಗೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಗೆಳತಿಯ ನಗು ಆರಿತು. “ಇಲ್ಲೂ ಎಲ್ಲ ಸತ್ತಿವೆ ಕಣೇ.”

ಕೊಂದದ್ದು ಅಣುವಲ್ಲ, ಅಳಿದುಳಿದ ಲೋಹ.

ಮುಖ್ಯಸ್ಥರು ಕೋಣೆಯ ಬಾಗಿಲು ಮುಚ್ಚಿದರು. “ಬೂದಿ ಮುಚ್ಚಿದ ಕೆಂಡ ಯಾಕಮ್ಮ ಕೆದಕ್ತೀಯ? ಆಮೇಲೆ ಸರಿ ಮಾಡೋಣ.”

“ಆಮೇಲೆ ಸುಡೋದು ರೋಗಿಯ ಮೈ, ಸರ್.”

“ನಿನ್ನ ಅಣುಗೆ ನೀನೇ ಗುಂಡಿ ತೋಡ್ತೀಯಾ? ಬಾಯಿ ಬಿಟ್ರೆ ನೀನು ಕೆಲಸ ಮಾಡೋ ಬೆಂಚು ಬೇರೆಯವರದು!”

“ಬೆಂಚು ನಿಮ್ಮದು, ಯಾರಿಗಾದ್ರೂ ಕೊಡಿ. ಸುಳ್ಳಿಗೆ ಮಾತ್ರ ನನ್ನ ಅಣು ಕೊಡಲ್ಲ.”

ಸಭೆಯಲ್ಲಿ ಮೊದಲ ತಟ್ಟೆಯ ಚಿತ್ರಕ್ಕೆ ಎಲ್ಲರೂ ತಲೆದೂಗುತ್ತಿರುವಾಗ ಅವಳು ಎದ್ದು ಪರದೆಯ ಮೇಲೆ ಅದರ ಪಕ್ಕದಲ್ಲೇ ಎರಡನೆಯ ತಟ್ಟೆಯದನ್ನೂ ಹಾಕಿದಳು. “ಇದರಲ್ಲಿ ಔಷಧವೇ ಇಲ್ಲ. ಆದರೂ ಕೋಶಗಳು ಸತ್ತಿವೆ.” ಬಂದವರು ಕಾಫಿಯನ್ನೂ ಮುಗಿಸದೆ ಎದ್ದರು. ಮುಖ್ಯಸ್ಥರು ಕೈ ಚಾಚಿ ಪ್ರಯೋಗಾಲಯದ ಕೀಲಿ ಕೇಳಿದರು.

“ಕೆಲಸ ಅರ್ಧಕ್ಕಿದೆ. ಮುಗಿದ ಮೇಲೆ ಕೊಡ್ತೀನಿ,” ಎಂದವಳು ಹೋಗಿ, ಲೋಹ ಹೀರುವ ಪುಡಿಯ ಮೂಲಕ ಎರಡೂ ಪಾಕಗಳನ್ನು ಹನಿಹನಿಯಾಗಿ ಇಳಿಸಿದಳು. ಗೆಳತಿ ಕೇಳದೆಯೇ ಹೊಸ ತಟ್ಟೆಗಳನ್ನು ತಂದಿಟ್ಟಳು.

ಎರಡು ದಿನ ಕಳೆದು ನೋಡಿದಾಗ, ಈ ಬಾರಿ ಔಷಧವಿಲ್ಲದ ತಟ್ಟೆಯಲ್ಲಿ ಕೋಶಗಳು ಹಾಯಾಗಿ ಬೆಳೆದಿದ್ದವು. ಅಣು ಬಿದ್ದ ತಟ್ಟೆಯಲ್ಲಿ ಮೂರರಲ್ಲೊಂದು ಪಾಲು ಸತ್ತಿತ್ತು.

“ಅಷ್ಟೇನಾ?” ಗೆಳತಿಯ ಮುಖ ಬಾಡಿತು.

“ಅಷ್ಟೇ. ಆದ್ರೆ ಇದನ್ನ ಕೊಂದಿದ್ದು ನನ್ನ ಅಣುವೇ.”

ಮುಖ್ಯಸ್ಥರ ಮೇಜಿನ ಮೇಲೆ ಅವಳು ಕೀಲಿಯನ್ನಿಟ್ಟಳು. ಪಕ್ಕದಲ್ಲಿ ಎರಡು ಹೊಸ ತಟ್ಟೆಗಳ ಚಿತ್ರ. “ಕೀಲಿ ಬೇಕಾದ್ರೆ ತಗೊಳ್ಳಿ, ಸರ್. ಚಿತ್ರ ಬೇಕಾದ್ರೆ ಎರಡನ್ನೂ ಒಟ್ಟಿಗೇ ತಗೋಬೇಕು.”

ಅವರು ಯಾವುದರ ಕಡೆಗೂ ಕೈ ಚಾಚಲಿಲ್ಲ. ಅವಳೂ ಕಾಯಲಿಲ್ಲ. ಲೋಹದ ನೆರವೇ ಇಲ್ಲದೆ ಅಣುವಿಗೆ ಅಂಟುವ ಬಾಲವೊಂದನ್ನು ಜೋಡಿಸುವುದಿತ್ತು. ಬೆಂಚಿನ ಕಡೆ ನಡೆದಳು.